ಹಡಗಿನ ಗೋಧಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಿರಿಯರ ಬಾಯಲ್ಲಿ ‘ಮಿಲೊ’ ಎಂಬ ಮಾತು ಇಂದಿಗೂ ಉಳಿದಿದೆ. ಅದು ಅಮೆರಿಕದಿಂದ ಬಂದ ಕೆಂಪು ಜೋಳ. ಮೊದಲು ಅರವತ್ತರ ದಶಕದಲ್ಲಿ, ಮತ್ತೆ 1972ರ ಮಹಾ ಬರದಲ್ಲಿ ಅದು ರೇಶನ್ ಅಂಗಡಿಗಳಿಗೆ ಬಂದಿತು. ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಆಯ್ದು ಬೆಳೆಸಿದ ಮಾಲದಂಡಿ ಜೋಳದ ಬಿಳಿ ರೊಟ್ಟಿಯನ್ನು ಉಂಡು ಬೆಳೆದ ಜನರು ನಾವು. ನಮ್ಮ ತಾಯಂದಿರು ಆ ಕೆಂಪು ಹಿಟ್ಟನ್ನು ಎಷ್ಟು ನಾದಿದರೂ ರೊಟ್ಟಿ ಅಂಚಿನಲ್ಲಿ ಒಡೆಯುತ್ತಿತ್ತು. ಅಮೆರಿಕದಲ್ಲಿ ಇದನ್ನು ದನಗಳಿಗೆ ಹಾಕುತ್ತಾರೆಂದು ಜನರು ಆಡಿಕೊಳ್ಳುತ್ತಿದ್ದರು. ಅದು ಬರಿಯ ಗಾಳಿಮಾತಾಗಿರಲಿಲ್ಲ; ಆ ದೇಶದಲ್ಲಿ ಜೋಳವನ್ನು ಬೆಳೆಯುತ್ತಿದ್ದುದು ಮುಖ್ಯವಾಗಿ ಜಾನುವಾರುಗಳ ಮೇವಿಗಾಗಿಯೇ. ಆದರೂ ಆ ಜೋಳವನ್ನು ಉಂಡು ಬದುಕಿದವರು ನಾವೇ. ಅದು ಯಾವ ದಾರಿಯಿಂದ, ಯಾರ ಅನುಮತಿಯಿಂದ ನಮ್ಮ ಊರಿಗೆ ಬಂದಿತು ಎಂಬುದನ್ನು ಆಗ ಯಾರೂ ವಿಚಾರಿಸಲಿಲ್ಲ. ಈ ಲೇಖನದಲ್ಲಿ ಆ ದಾರಿಯನ್ನು ಹಿಡಿದು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಅಮೆರಿಕದ ಧಾನ್ಯರಾಶಿಯ ಮೂಲವಿರುವುದು 1930ರ ದಶಕದ ಆರ್ಥಿಕ ಕುಸಿತದಲ್ಲಿ. ಬೆಲೆ ನೆಲಕಚ್ಚಿ ರೈತರು ಹೊಲಮನೆ ಕಳೆದುಕೊಳ್ಳತೊಡಗಿದಾಗ, ರೂಸ್ವೆಲ್ಟರ ಸರಕಾರವು 1933ರಲ್ಲಿ ಕಾಯಿದೆ ಮಾಡಿ ಬೆಂಬಲ ಬೆಲೆಯ ವ್ಯವಸ್ಥೆಯನ್ನು ತಂದಿತು. ಎರಡನೆಯ ಮಹಾಯುದ್ಧದ ಬಳಿಕ ಟ್ರ್ಯಾಕ್ಟರು, ರಾಸಾಯನಿಕ ಗೊಬ್ಬರ, ಹೊಸ ಬೀಜಗಳಿಂದಾಗಿ ಇಳುವರಿ ಏರುತ್ತಲೇ ಹೋಯಿತು. ಬೆಂಬಲ ಬೆಲೆ ಮಾತ್ರ ಇಳಿಯಲಿಲ್ಲ. ಗೋಧಿ ಬೆಳೆಯುವ ರಾಜ್ಯಗಳ ಮತಗಳು ಬೇಕಿದ್ದ ಯಾವ ಪಕ್ಷಕ್ಕೂ ಅದನ್ನು ಇಳಿಸುವ ಧೈರ್ಯವಿರಲಿಲ್ಲ. ಹೀಗಾಗಿ ಸರಕಾರವೇ ಧಾನ್ಯವನ್ನು ಕೊಂಡು ಉಗ್ರಾಣಗಳಲ್ಲಿ ತುಂಬಿಸುತ್ತ ಹೋಗಬೇಕಾಯಿತು, ಆ ಉಗ್ರಾಣಗಳ ಖರ್ಚೇ ಒಂದು ಹೊರೆಯಾಯಿತು. ನಮ್ಮ ಹಳ್ಳಿಗಳಲ್ಲಿ ಹಗೇವಿನ ತುಂಬ ಜೋಳವಿದ್ದ ಮನೆಯವರು ನೆಮ್ಮದಿಯಾಗಿ ಮಲಗುತ್ತಿದ್ದರು. ಅಮೆರಿಕದ ಕೃಷಿ ಮಂತ್ರಿಗೆ ಮಾತ್ರ ತುಂಬಿದ ಹಗೇವೇ ತಲೆನೋವಾಗಿತ್ತು.

ಸ್ವತಂತ್ರ ಭಾರತವು ಆ ಬಾಗಿಲನ್ನು 1950ರ ಕೊನೆಯಲ್ಲಿ ತಟ್ಟಿತು. ದೇಶ ವಿಭಜನೆಯಿಂದ ಪಂಜಾಬದ ಕಾಲುವೆ ನೀರಾವರಿಯ ಫಲವತ್ತಾದ ನೆಲದ ದೊಡ್ಡ ಭಾಗ ಪಾಕಿಸ್ತಾನದ ಪಾಲಾಗಿತ್ತು. ಜೊತೆಗೆ ಪ್ರವಾಹ, ಅನಾವೃಷ್ಟಿಗಳೂ ಕೂಡಿ ಬಂದಿದ್ದವು. ನೆಹರೂ ಸರಕಾರವು 20 ಲಕ್ಷ ಟನ್ ಧಾನ್ಯವನ್ನು ಕೇಳಿತು. ಅದೇ ಹೊತ್ತಿಗೆ ಕೊರಿಯಾ ಯುದ್ಧ ನಡೆಯುತ್ತಿತ್ತು, ಮತ್ತು ಅಮೆರಿಕದ ನಿಲುವನ್ನು ಭಾರತ ಪೂರ್ತಿಯಾಗಿ ಒಪ್ಪಿರಲಿಲ್ಲ. ಅಮೆರಿಕದ ಸಂಸತ್ತಿನಲ್ಲಿ ಚರ್ಚೆ ತಿಂಗಳುಗಟ್ಟಲೆ ಎಳೆಯಿತು. ಅಣುಶಕ್ತಿಗೆ ಬೇಕಾದ ಥೋರಿಯಂ ಇರುವ ತಿರುವಾಂಕೂರಿನ ಕಡಲ ತೀರದ ಮೊನಜೈಟ್ ಮರಳನ್ನು ಭಾರತ ಹೊರದೇಶಕ್ಕೆ ಕೊಡುತ್ತಿಲ್ಲವೆಂಬ ಆಕ್ಷೇಪವನ್ನೂ ಕೆಲವರು ಎತ್ತಿದರು. ಈ ನಡುವೆ ಚೀನಾದಿಂದ ಅಕ್ಕಿ, ರಷ್ಯದಿಂದ ಗೋಧಿ ಬರತೊಡಗಿತು. ಕೊನೆಗೆ 1951ರ ಜೂನಿನಲ್ಲಿ 19 ಕೋಟಿ ಡಾಲರಿನ ನೆರವು ದಾನದ ರೂಪದಲ್ಲಲ್ಲ, ಸಾಲದ ರೂಪದಲ್ಲಿ ಮಂಜೂರಾಯಿತು. ಮುಂದಿನ ಇಪ್ಪತ್ತು ವರ್ಷಗಳ ಕಥೆಯೆಲ್ಲ ಬೀಜರೂಪದಲ್ಲಿ ಆ ಆರು ತಿಂಗಳಲ್ಲೇ ಇತ್ತೆಂದು ನಮಗೆ ತೋರುತ್ತದೆ.

1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಅವರು ಸಾರ್ವಜನಿಕ ಕಾಯಿದೆ 480ಕ್ಕೆ ಅಂಕಿತ ಹಾಕಿದರು. ನಮ್ಮ ಪತ್ರಿಕೆಗಳು ಅದನ್ನು ‘ಪಿ.ಎಲ್. 480’ ಎಂದೇ ಬರೆದವು. ಆ ಕಾಯಿದೆಯ ಚಮತ್ಕಾರವೆಂದರೆ ಡಾಲರ್ ಇಲ್ಲದ ದೇಶವೂ ಅಮೆರಿಕದ ಧಾನ್ಯವನ್ನು ತನ್ನ ನಾಣ್ಯದಲ್ಲೇ ಕೊಳ್ಳಬಹುದಾಗಿತ್ತು. ಭಾರತ ರೂಪಾಯಿ ಕೊಡುತ್ತಿತ್ತು. ಆ ರೂಪಾಯಿ ಅಮೆರಿಕದ ಲೆಕ್ಕದಲ್ಲಿ ಭಾರತದಲ್ಲಿಯೇ ಉಳಿಯುತ್ತಿತ್ತು. ಅದರ ಬಹುಭಾಗವನ್ನು ಭಾರತ ಸರಕಾರಕ್ಕೇ ಅಭಿವೃದ್ಧಿ ಕಾರ್ಯಗಳಿಗೆ ಸಾಲವಾಗಿ ಕೊಡುತ್ತಿದ್ದರು, ಉಳಿದದ್ದು ರಾಯಭಾರ ಕಚೇರಿಯ ಖರ್ಚಿಗೆ. ಭಾರತದೊಡನೆ ಮೊದಲ ಒಪ್ಪಂದ 1956ರ ಆಗಸ್ಟಿನಲ್ಲಿ ಆಯಿತು. 1960ರ ಮೇ ತಿಂಗಳಲ್ಲಿ ಆಹಾರ ಮಂತ್ರಿ ಎಸ್. ಕೆ. ಪಾಟೀಲರು ವಾಷಿಂಗ್ಟನ್ನಿಗೆ ಹೋಗಿ, ನಾಲ್ಕು ವರ್ಷಗಳಲ್ಲಿ 1 ಕೋಟಿ 60 ಲಕ್ಷ ಟನ್ ಗೋಧಿ ಮತ್ತು 10 ಲಕ್ಷ ಟನ್ ಅಕ್ಕಿಯ ಒಪ್ಪಂದಕ್ಕೆ ಸಹಿ ಹಾಕಿ ಬಂದರು.

ಸಾಹಿತ್ಯ ಸಮ್ಮೇಳನದ ಸಂಚಿಕೆಯಾದುದರಿಂದ ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾಗದು. ಆ ಗೋಧಿಯ ರೂಪಾಯಿಗಳಲ್ಲಿ ಒಂದಿಷ್ಟು ಭಾಗವನ್ನು 1962ರಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸಲು ಬಳಸಿದರು. ಅವುಗಳಲ್ಲಿ ಕನ್ನಡದ ಪುಸ್ತಕಗಳೂ ಇದ್ದವು. ನಮ್ಮ ತಾಲೂಕಿನ ವಾಚನಾಲಯದಲ್ಲಿ ಹರಿದು ಕಾಣೆಯಾದ ಕಾದಂಬರಿಯ ಪ್ರತಿ ಶಿಕಾಗೋದ ಕಪಾಟಿನಲ್ಲಿ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ‘ಕಾಂಗ್ರೆಸ್ ಕಸ’ ಈ ಗೋಧಿಯ ಜೊತೆಯಲ್ಲೇ ಬಂದಿತೆಂಬ ಮಾತು ಮಾತ್ರ ಸ್ವಲ್ಪ ವಿಚಾರ ಮಾಡತಕ್ಕದ್ದು. ಪುಣೆಯಲ್ಲಿ ಆ ಕಳೆಯನ್ನು ಗುರುತಿಸಿದ್ದು 1950ರ ದಶಕದ ಮಧ್ಯದಲ್ಲಿ ಹೌದು. ಆದರೆ ಅದಕ್ಕಿಂತ ಬಹಳ ಹಿಂದಿನ ಮಾದರಿಗಳೂ ಇವೆಯೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಗೋಧಿ ಅದನ್ನು ಹರಡಿರಬಹುದು, ತಂದಿತೆಂದು ಆಣೆಯಿಟ್ಟು ಹೇಳಲಾಗದು.

ಸಿಗುವ ಧಾನ್ಯ ಅಗ್ಗವಾಗಿದ್ದಾಗ ಬೆಳೆಯುವವನ ಚಿಂತೆ ಯಾರಿಗೆ? ಪರದೇಶದ ಗೋಧಿ ಬಂದಷ್ಟೂ ಇಲ್ಲಿಯ ಬೆಲೆ ಕುಗ್ಗಿ, ನಮ್ಮ ರೈತನು ಹೊಲಕ್ಕೆ ಹೆಚ್ಚು ಹಣ ಹಾಕಲು ಹಿಂಜರಿಯುತ್ತಾನೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೋಡರ್ ಶುಲ್ಟ್ಸ್ ಅವರೇ 1960ರಲ್ಲಿ ಎಚ್ಚರಿಸಿದ್ದರು. ಅಲ್ಲಗಳೆದವರೂ ಉಂಟು, ಆ ಗೋಧಿಯಿಂದಲೇ ನಗರಗಳ ಬಡವರಿಗೆ ಅನ್ನ ಸಿಕ್ಕಿತು, ಬೆಲೆ ಹದದಲ್ಲಿತ್ತು ಎಂದು ಅವರ ವಾದ. ಎರಡರಲ್ಲಿಯೂ ಸತ್ಯವಿದೆ. ಆದರೆ ಮುಂಬಯಿ, ಕಲಕತ್ತೆಗಳ ಪಡಿತರ ಬಂದರಿಗೆ ಬರುವ ಹಡಗನ್ನು ನಂಬಿ ನಿಂತದ್ದು, ಹೊಲವನ್ನು ನಂಬಿ ನಿಲ್ಲದೇ ಹೋದದ್ದು ನಮ್ಮ ಆಳುವವರ ದೊಡ್ಡ ಲೋಪವೆಂದೇ ನಮ್ಮ ಅಭಿಪ್ರಾಯ.

1965ರ ಮಧ್ಯದಲ್ಲಿ ಹಳೆಯ ಒಪ್ಪಂದದ ಅವಧಿ ಮುಗಿಯುತ್ತ ಬಂದಿತು. ಆಗ ಅಮೆರಿಕದ ಅಧ್ಯಕ್ಷರಾಗಿದ್ದವರು ಲಿಂಡನ್ ಜಾನ್ಸನ್. ಟೆಕ್ಸಾಸಿನ ಒಣಸೀಮೆಯಲ್ಲಿ ಬೆಳೆದ, ಒಂದು ಕಾಲದಲ್ಲಿ ಶಾಲಾ ಮಾಸ್ತರಿಕೆಯನ್ನೂ ಮಾಡಿದ್ದ ಮನುಷ್ಯ, ಹಸಿವನ್ನು ಅರಿಯದವರೇನಲ್ಲ. ಆದರೆ ಅವರು ದೀರ್ಘ ಅವಧಿಯ ಹೊಸ ಒಪ್ಪಂದಕ್ಕೆ ಒಪ್ಪದೆ, ಒಂದೆರಡು ತಿಂಗಳಿಗೆ ಸಾಲುವಷ್ಟು ಧಾನ್ಯವನ್ನು ಮಾತ್ರ ಬಿಡುಗಡೆ ಮಾಡತೊಡಗಿದರು. ಪ್ರತಿಯೊಂದು ಕಡತವೂ ತಮ್ಮ ಮೇಜಿಗೇ ಬರಬೇಕೆಂದು ಕಟ್ಟಪ್ಪಣೆ ಮಾಡಿದರು. ಎತ್ತಿಗೆ ಗಿಡ್ಡ ಹಗ್ಗ ಕಟ್ಟಿ ಮೇಯಿಸುವಂಥ ಈ ನೀತಿಗೆ ಅಲ್ಲಿಯೂ ಗಿಡ್ಡ ಹಗ್ಗದ ನೀತಿಯೆಂಬ ಹೆಸರೇ ಬಿದ್ದಿತು. ಕಾರಣಗಳು ಒಂದಲ್ಲ, ಹಲವು. ಅಮೆರಿಕದ ಉಗ್ರಾಣಗಳ ರಾಶಿ ಆಗಲೇ ಕರಗುತ್ತಿತ್ತು. ಭಾರತವು ಕೃಷಿಗೆ ಹೆಚ್ಚು ಹಣ ಹಾಕಬೇಕೆಂಬ ಒತ್ತಾಯವಿತ್ತು, ಅದು ನ್ಯಾಯವೂ ಆಗಿತ್ತು. ಉತ್ತರ ವಿಯೆಟ್ನಾಮಿನ ಮೇಲೆ ನಡೆದ ಬಾಂಬುದಾಳಿಯನ್ನು ಶಾಸ್ತ್ರೀಜಿಯವರು ಟೀಕಿಸಿದ್ದು ಜಾನ್ಸನ್ನರಿಗೆ ಹಿಡಿಸಿರಲಿಲ್ಲ. ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧವೂ ಆಯಿತು.

ಆ ವರ್ಷವೇ ಮಳೆ ಕೈಕೊಟ್ಟಿತು. 1964-65ರಲ್ಲಿ ಸುಮಾರು 8 ಕೋಟಿ 90 ಲಕ್ಷ ಟನ್ ಇದ್ದ ದೇಶದ ಧಾನ್ಯದ ಉತ್ಪನ್ನ 1965-66ರಲ್ಲಿ 7 ಕೋಟಿ 20 ಲಕ್ಷ ಟನ್ನಿಗೆ ಇಳಿಯಿತು. ಮರುವರ್ಷವೂ ಹೆಚ್ಚೇನೂ ಚೇತರಿಸಲಿಲ್ಲ. ಶಾಸ್ತ್ರೀಜಿಯವರು ಸೋಮವಾರ ಸಂಜೆಯ ಊಟ ಬಿಡಿರೆಂದು ದೇಶಕ್ಕೆ ಕರೆ ಕೊಟ್ಟರು. ಆಗ ನಾವು ಹೈಸ್ಕೂಲಿನ ಹುಡುಗರು. ಸೋಮವಾರ ಸಂಜೆ ಹೋಟೆಲುಗಳ ಬಾಗಿಲು ಮುಚ್ಚಿರುತ್ತಿದ್ದುದು ನಮ್ಮ ತಲೆಮಾರಿನವರಿಗೆಲ್ಲ ನೆನಪಿದೆ. ಮೊದಲೇ ಸೋಮವಾರದ ಒಪ್ಪತ್ತು ಹಿಡಿಯುತ್ತಿದ್ದ ನಮ್ಮ ಮನೆಗಳ ಅಜ್ಜಿಯರಿಗೆ ಅದು ಹೊಸತೆನಿಸಲಿಲ್ಲ.

ಧಾನ್ಯವುಳ್ಳವನು ಇಲ್ಲದವನನ್ನು ಕಾಯಿಸುವ ರಾಜಕಾರಣ ವಾಷಿಂಗ್ಟನ್ನಿನಲ್ಲಿ ಮಾತ್ರ ಇತ್ತೆಂದು ತಿಳಿಯಬಾರದು. ಆ ವರ್ಷಗಳಲ್ಲಿ ನಮ್ಮ ದೇಶದೊಳಗೇ ರಾಜ್ಯದಿಂದ ರಾಜ್ಯಕ್ಕೆ ಧಾನ್ಯ ಸಾಗಿಸಲು ನಿರ್ಬಂಧವಿತ್ತು. ದೇಶವನ್ನು ಆಹಾರ ವಲಯಗಳಾಗಿ ಹಂಚಿದ್ದರು. ಹೆಚ್ಚು ಬೆಳೆದ ರಾಜ್ಯಗಳ ಮುಖ್ಯಮಂತ್ರಿಗಳು ತಮ್ಮಲ್ಲಿಯ ಬೆಲೆ ಏರೀತೆಂದು ಕೊರತೆಯ ರಾಜ್ಯಗಳಿಗೆ ಧಾನ್ಯ ಬಿಡಲು ಹಿಂದೆಮುಂದೆ ನೋಡುತ್ತಿದ್ದರು. ಮಹಾರಾಷ್ಟ್ರದಲ್ಲಿ ಜೋಳ, ಭತ್ತಗಳ ಖರೀದಿಯನ್ನು ಸರಕಾರವೇ ಕೈಗೆ ತೆಗೆದುಕೊಂಡಿತ್ತು. ಇದರ ಬಿಸಿ ಎಲ್ಲರಿಗಿಂತ ಹೆಚ್ಚು ತಟ್ಟಿದ್ದು ಗಡಿಯ ಜನರಿಗೆ. ಹೊಲ ಒಂದು ರಾಜ್ಯದಲ್ಲಿ, ಮನೆ ಮತ್ತೊಂದರಲ್ಲಿ ಇದ್ದವರು ನಮ್ಮಲ್ಲಿ ಕಡಿಮೆಯಿರಲಿಲ್ಲ. ಇಂಡಿ, ಅಫಜಲಪುರಗಳ ಕಡೆಗೆ ಹೆಣ್ಣು ಕೊಟ್ಟು ತಂದವರು ಬೀಗರ ಮನೆಯಿಂದ ಒಂದು ಚೀಲ ಜೋಳ ತರಬೇಕೆಂದರೂ ನಾಕೆಯನ್ನು ನೆನೆದು ಅಳುಕಬೇಕಾಗಿತ್ತು. ಹತ್ತು ಸಾವಿರ ಮೈಲಿಯಾಚೆಯ ಕ್ಯಾನ್ಸಸ್ಸಿನ ಗೋಧಿ ನಮ್ಮ ಪಡಿತರದ ಅಂಗಡಿಗೆ ಬಂದೀತು. ಹತ್ತು ಮೈಲಿಯಾಚೆಯ ಸೋದರಮಾವನ ಹೊಲದ ಜೋಳ ಬರಲಾರದು! ಭಾಷಾವಾರು ರಾಜ್ಯಗಳ ಗೆರೆ ಎಳೆದಾಗ ಹೊಟ್ಟೆಯ ವಿಷಯವನ್ನು ಯಾವ ಆಯೋಗವೂ ಸಾಕಷ್ಟು ವಿಚಾರಿಸಲಿಲ್ಲವೆಂಬ ನಮ್ಮ ಹಿರಿಯರ ದೂರಿಗೆ ಇದೂ ಒಂದು ಆಧಾರವಾಗಿತ್ತು.

1965ರ ನವೆಂಬರಿನಲ್ಲಿ ಆಹಾರ ಮಂತ್ರಿ ಸಿ. ಸುಬ್ರಮಣ್ಯಂ ಅವರು ರೋಮ್ ನಗರದಲ್ಲಿ ಅಮೆರಿಕದ ಕೃಷಿ ಮಂತ್ರಿ ಆರ್ವಿಲ್ ಫ್ರೀಮನ್ನರನ್ನು ಭೇಟಿಯಾದರು. ಕೃಷಿಗೆ ಹೂಡಿಕೆ ಹೆಚ್ಚಿಸುವುದು, ಗೊಬ್ಬರದ ಕಾರಖಾನೆಗಳಿಗೆ ವಿದೇಶಿ ಬಂಡವಾಳ ಬಿಡುವುದು, ಹೊಸ ಬೀಜಗಳನ್ನು ಹರಡುವುದು ಮುಂತಾದ ಷರತ್ತುಗಳ ಒಪ್ಪಂದ ಅಲ್ಲಿ ಗುಟ್ಟಾಗಿ ಆಯಿತು. ಇವುಗಳಲ್ಲಿ ಬಹಳಷ್ಟನ್ನು ಸುಬ್ರಮಣ್ಯಂ ಅವರೇ ಮೊದಲಿನಿಂದ ಬಯಸಿದ್ದರೆಂಬುದನ್ನು ಮರೆಯುವಂತಿಲ್ಲ. ಆ ವರ್ಷದ ಜನವರಿಯಲ್ಲೇ ಭಾರತೀಯ ಆಹಾರ ನಿಗಮ ಮತ್ತು ಕೃಷಿ ಬೆಲೆ ಆಯೋಗಗಳು ಹುಟ್ಟಿದ್ದವು. ಡಿಸೆಂಬರಿನಲ್ಲಿ ಅವರು ಸಂಸತ್ತಿನಲ್ಲಿ ಹೊಸ ಕೃಷಿ ನೀತಿಯನ್ನು ಸಾರಿದ ಬಳಿಕ ಜಾನ್ಸನ್ನರು 15 ಲಕ್ಷ ಟನ್ ಗೋಧಿ ಬಿಟ್ಟರು.

ಜನವರಿಯಲ್ಲಿ ಶಾಸ್ತ್ರೀಜಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡರು. ಹೊಸ ಪ್ರಧಾನಿ ಇಂದಿರಾ ಗಾಂಧಿಯವರು 1966ರ ಮಾರ್ಚಿನಲ್ಲಿ ವಾಷಿಂಗ್ಟನ್ನಿಗೆ ಹೋದಾಗ ಸ್ವಾಗತ ಅದ್ದೂರಿಯಾಗಿಯೇ ಆಯಿತು, ಇನ್ನೂ 35 ಲಕ್ಷ ಟನ್ ಧಾನ್ಯದ ಭರವಸೆಯೂ ದೊರೆಯಿತು. ಜೂನ್ 6ರಂದು ಭಾರತವು ರೂಪಾಯಿಯ ಬೆಲೆಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಿತು; ಇದು ವಿಶ್ವ ಬ್ಯಾಂಕಿನ ಒತ್ತಡದ ಫಲವೆಂದು ದೇಶದಲ್ಲಿ ಕೋಲಾಹಲವೇ ಎದ್ದಿತು. ಮರುತಿಂಗಳು ಮಾಸ್ಕೋದಲ್ಲಿ ಹೊರಟ ಜಂಟಿ ಹೇಳಿಕೆಯಲ್ಲಿ ವಿಯೆಟ್ನಾಮಿನ ಬಾಂಬುದಾಳಿ ನಿಲ್ಲಬೇಕೆಂಬ ಮಾತಿತ್ತು. ಅಂದಿನಿಂದ ಹಗ್ಗ ಇನ್ನಷ್ಟು ಗಿಡ್ಡವಾಯಿತು. ಬಿಹಾರದಲ್ಲಿ ಎರಡನೆಯ ವರ್ಷವೂ ಬೆಳೆ ಒಣಗಿತ್ತು. ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿ ಚೆಸ್ಟರ್ ಬೌಲ್ಸ್ ಅವರು ಧಾನ್ಯ ಬಿಡಿರೆಂದು ತಮ್ಮ ಸರಕಾರಕ್ಕೇ ಮೇಲಿಂದ ಮೇಲೆ ಬರೆದರು. ಜಾನ್ಸನ್ನರು ಡಿಸೆಂಬರಿನ ಕೊನೆಯವರೆಗೆ ಕಾಯಿಸಿ 9 ಲಕ್ಷ ಟನ್ ಬಿಟ್ಟರು. ಅಮೆರಿಕದ ಬಂದರಿನಿಂದ ಹೊರಟ ಹಡಗು ನಮ್ಮ ದಡ ಮುಟ್ಟಲು ವಾರಗಟ್ಟಲೆ ಬೇಕು. ಅಲ್ಲಿಯ ಮೇಜಿನ ಮೇಲೆ ಒಂದು ಸಹಿ ಒಂದು ತಿಂಗಳು ತಡವಾದರೆ ಇಲ್ಲಿಯ ಪಡಿತರದ ಅಂಗಡಿಯ ಬಾಗಿಲು ಅಷ್ಟು ಕಾಲ ಮುಚ್ಚಬೇಕು. ನಮ್ಮ ಆಹಾರ ವ್ಯವಸ್ಥೆಗೆ ‘ಹಡಗಿನಿಂದ ಬಾಯಿಗೆ’ ಎಂಬ ಅಣಕದ ಹೆಸರು ಬಂದುದು ಈ ಕಾಲದಲ್ಲಿಯೇ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1966ರಲ್ಲಿ ಭಾರತಕ್ಕೆ 1 ಕೋಟಿ ಟನ್ನಿಗೂ ಮೀರಿದ ಧಾನ್ಯ ಹೊರಗಿನಿಂದ ಬಂದಿತು. ಅದರಲ್ಲಿ ಬಹುಪಾಲು ಅಮೆರಿಕದ್ದೇ. ಅಮೆರಿಕದ ಗೋಧಿಯ ಬೆಳೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಆ ಕಾಲದಲ್ಲಿ ನಮ್ಮ ದೇಶಕ್ಕೆ ಬಂದಿತು. ಕೆನಡಾ, ಆಸ್ಟ್ರೇಲಿಯಗಳೂ ನೆರವಾದವು. 1967ರ ಏಪ್ರಿಲಿನಲ್ಲಿ ಬಿಹಾರದ ಹೊಸ ಸರಕಾರವು ಕ್ಷಾಮವನ್ನು ಅಧಿಕೃತವಾಗಿ ಸಾರಿತು; ಜಯಪ್ರಕಾಶ ನಾರಾಯಣರ ನೇತೃತ್ವದಲ್ಲಿ ಪರಿಹಾರ ಸಮಿತಿ ದುಡಿಯಿತು. 1943ರ ಬಂಗಾಳದಂತೆ ಲಕ್ಷಗಟ್ಟಲೆ ಜನ ಬೀದಿಯಲ್ಲಿ ಬಿದ್ದು ಸಾಯಲಿಲ್ಲ. ಅನ್ನ ಕೊಟ್ಟದ್ದು ನಿಜ, ಕೊಡುವ ಮುನ್ನ ಕಾಯಿಸಿದ್ದೂ ನಿಜ. ಆ ಅವಮಾನದ ಉರಿಯಲ್ಲಿಯೇ 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಗೋಧಿಯ ಬೀಜ ಬಂದಿತು. 1968ರ ಸುಗ್ಗಿಯಲ್ಲಿ ಗೋಧಿಯ ಬೆಳೆ 1 ಕೋಟಿ 65 ಲಕ್ಷ ಟನ್ ಮುಟ್ಟಿ, ಪಂಜಾಬದಲ್ಲಿ ಶಾಲೆಗಳನ್ನು ಖಾಲಿ ಮಾಡಿಸಿ ಗೋಧಿ ತುಂಬಬೇಕಾಯಿತು. ಶಾಲೆಯ ಬೀಗದ ಕೈ ಹಿಡಿದು ಬಾಳಿದ ನಮಗೆ ಆ ಸುದ್ದಿ ಓದಿದಾಗಲೆಲ್ಲ ನಗುವೂ ಬರುತ್ತದೆ, ಕಣ್ಣೂ ತುಂಬುತ್ತದೆ.

ಹಳೆಯ ಲೆಕ್ಕ ತೀರಿದ್ದು 1974ರ ಫೆಬ್ರವರಿ 18ರಂದು. ರಾಯಭಾರಿ ಮೊಯ್ನಿಹಾನ್ ಅವರು ಗೋಧಿಯ ರೂಪಾಯಿಗಳಲ್ಲಿ 1,664 ಕೋಟಿಯನ್ನು ಒಂದೇ ಚೆಕ್ಕಿನ ಮೂಲಕ ಭಾರತ ಸರಕಾರಕ್ಕೆ ಹಿಂದಿರುಗಿಸಿದರು. ಅಂದಿನವರೆಗೆ ಜಗತ್ತಿನಲ್ಲಿ ಬರೆದ ಚೆಕ್ಕುಗಳಲ್ಲೆಲ್ಲ ಅದೇ ದೊಡ್ಡದೆಂದು ಪತ್ರಿಕೆಗಳಲ್ಲಿ ಬಂದಿತ್ತು.

ಆದರೆ ಅಷ್ಟರಲ್ಲಿ ಜಗತ್ತಿನ ಧಾನ್ಯದ ಪೇಟೆಯೇ ತಲೆಕೆಳಗಾಗಿತ್ತು. 1972ರಲ್ಲಿ ರಷ್ಯದಲ್ಲಿ ಬೆಳೆ ಕೆಟ್ಟಿತು. ಹಿಂದಿನ ಕಾಲದಲ್ಲಾದರೆ ಅವರು ದನಗಳನ್ನು ಕಡಿದು ಹೊಟ್ಟೆ ಬಿಗಿಹಿಡಿದು ಇರುತ್ತಿದ್ದರು. ಈ ಸಲ ಸದ್ದಿಲ್ಲದೆ ಅಮೆರಿಕದ ವ್ಯಾಪಾರಿ ಕಂಪನಿಗಳಿಂದ 1 ಕೋಟಿ ಟನ್ನಿಗೂ ಹೆಚ್ಚು ಗೋಧಿಯನ್ನು ಕೊಂಡುಬಿಟ್ಟರು. ನಿಕ್ಸನ್ ಸರಕಾರಕ್ಕೆ ಅದು ಚುನಾವಣೆಯ ವರ್ಷ, ರಷ್ಯದೊಡನೆ ಸ್ನೇಹ ಬೆಳೆಸುವ ಕಾಲ. ಹೀಗಾಗಿ ಕೊಳ್ಳಲು ಸಾಲವನ್ನೂ ಕೊಟ್ಟಿತು, ರಫ್ತಿಗೆ ಸಹಾಯಧನವನ್ನೂ ಕೊಟ್ಟಿತು. ಅಮೆರಿಕದ ಜನರೇ ಅದನ್ನು ಧಾನ್ಯದ ಮಹಾ ದರೋಡೆಯೆಂದು ಕರೆದರು. 1974ರ ಆರಂಭದ ಹೊತ್ತಿಗೆ ಗೋಧಿಯ ಬೆಲೆ ಸುಮಾರು ಮೂರು ಪಟ್ಟಾಗಿತ್ತು.

ಆ ಏರಿದ ಬೆಲೆಯ ಹೊತ್ತಿನಲ್ಲೇ ನಮ್ಮಲ್ಲಿ ಬರ ಬಿದ್ದಿತ್ತೆಂಬುದನ್ನು ಸೊಲ್ಲಾಪುರದವರಿಗೆ ಹೇಳಬೇಕಾಗಿಲ್ಲ. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಬರದ ಕಾಮಗಾರಿಗಳ ಮೇಲೆ ಸುಮಾರು 50 ಲಕ್ಷ ಜನರಿದ್ದರು. ಖಡಿ ಒಡೆದವರು, ಕೆರೆಯ ಮಣ್ಣು ಹೊತ್ತವರು, ಸುಕಡಿಗಾಗಿ ಸಾಲು ನಿಂತವರು ನಮ್ಮ ಮನೆಗಳವರೇ. ಹೊರಗಿನ ಧಾನ್ಯವನ್ನು ಈಗ ಸಾಲದ ರೂಪಾಯಿಯಲ್ಲಲ್ಲ, ರೊಕ್ಕ ಎಣಿಸಿ ಕೊಳ್ಳಬೇಕಾಗಿತ್ತು. ಅಮೆರಿಕದ ಗೋಧಿಯನ್ನು ಕೊಂಡು ಬೆಲೆಯೇರಿಸಿದ ಅದೇ ರಷ್ಯವು 1973ರಲ್ಲಿ ನಮಗೆ 20 ಲಕ್ಷ ಟನ್ ಗೋಧಿಯನ್ನು ಕಡವಾಗಿ ಕೊಟ್ಟದ್ದು ಚರಿತ್ರೆಯ ಒಂದು ವಿನೋದ.

ನೆರೆಯ ಬಾಂಗ್ಲಾದೇಶದ ಪಾಡು ಇದಕ್ಕಿಂತ ಘೋರವಾದುದು. ಅದು ಕ್ಯೂಬಾಕ್ಕೆ 40 ಲಕ್ಷ ಸೆಣಬಿನ ಚೀಲಗಳನ್ನು ಮಾರಿತ್ತು. ಕ್ಯೂಬಾದೊಡನೆ ವ್ಯಾಪಾರ ಮಾಡುವ ದೇಶಕ್ಕೆ ಪಿ.ಎಲ್. 480ರ ಧಾನ್ಯ ಕೊಡಲಾಗದೆಂದು ಅಮೆರಿಕ 1974ರಲ್ಲಿ ನೆರವನ್ನು ತಡೆಹಿಡಿಯಿತು. ಆ ಬೇಸಗೆಯ ಕೊನೆಯಲ್ಲಿ ಬ್ರಹ್ಮಪುತ್ರ ಉಕ್ಕಿ ಹರಿದಿತ್ತು. ಢಾಕಾ ಸರಕಾರವು ಚೀಲದ ವ್ಯಾಪಾರವನ್ನು ನಿಲ್ಲಿಸಿ, ಧಾನ್ಯದ ಹಡಗುಗಳು ಬಂದು ಮುಟ್ಟುವಷ್ಟರಲ್ಲಿ ಕ್ಷಾಮದ ಕೊಯ್ಲು ಮುಗಿದಿತ್ತು. ಸತ್ತವರು 26,000ವೆಂದು ಸರಕಾರದ ಲೆಕ್ಕ. ಉಳಿದವರ ಅಂದಾಜು ಅದಕ್ಕಿಂತ ಬಹಳ ಹೆಚ್ಚು. ಆ ವರ್ಷ ದೇಶದಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ, ಕೂಲಿ ತಪ್ಪಿದವರ ಕೈಯಲ್ಲಿ ಕೊಳ್ಳುವ ಶಕ್ತಿ ಇರಲಿಲ್ಲವೆಂದು ಅಮರ್ತ್ಯ ಸೇನರು ತೋರಿಸಿದ್ದಾರೆ. ಆ ಮಾತು ಸರಿ. ಆದರೆ ಹಡಗು ಬಾರದೆಂಬ ಸುದ್ದಿಯೇ ವ್ಯಾಪಾರಿಯು ಧಾನ್ಯವನ್ನು ಬಚ್ಚಿಡಲು, ಬೆಲೆ ಏರಲು ಸಾಕಾಗುತ್ತದೆಂಬುದೂ ಅಷ್ಟೇ ಸರಿ.

ಧಾನ್ಯದ ಆಯುಧ ಬಲವಾದವನ ಮೇಲೆ ನಾಟುವುದಿಲ್ಲ. ರಷ್ಯವು ಅಫಘಾನಿಸ್ತಾನವನ್ನು ಹೊಕ್ಕಾಗ ಅಧ್ಯಕ್ಷ ಕಾರ್ಟರ್ ಅವರು 1980ರ ಜನವರಿಯಲ್ಲಿ 1 ಕೋಟಿ 70 ಲಕ್ಷ ಟನ್ ಧಾನ್ಯದ ಮಾರಾಟವನ್ನು ತಡೆದರು. ರಷ್ಯ ಅರ್ಜೆಂಟೀನದ ಕಡೆ ತಿರುಗಿತು. ನೊಂದವನು ಅಮೆರಿಕದ ರೈತ. ಮರುವರ್ಷ ಏಪ್ರಿಲಿನಲ್ಲಿ ರೇಗನ್ನರು ಆ ತಡೆಯನ್ನು ತೆಗೆದುಹಾಕಿದರು.

ಇಂದು ಆ ಮೇಜು ದೆಹಲಿಯಲ್ಲೂ ಇದೆ. ಜಗತ್ತಿನ ಅಕ್ಕಿಯ ವ್ಯಾಪಾರದಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಭಾರತದ್ದು. ಉಕ್ರೇನಿನ ಯುದ್ಧದಿಂದ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದ 2022ರಲ್ಲಿ, ಮಾರ್ಚಿನ ಬಿಸಿಲಿಗೆ ಗೋಧಿ ಸೊರಗಿತೆಂದು ಭಾರತವು ಮೇ 13ರಂದು ಗೋಧಿಯ ರಫ್ತನ್ನು ನಿಲ್ಲಿಸಿತು. 2023ರ ಜುಲೈ 20ರಂದು ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತೂ ನಿಂತಿತು. ಲೋಕಸಭೆಯ ಚುನಾವಣೆ ಹತ್ತಿರದಲ್ಲಿತ್ತು. ಬೆಲೆ ಏರಿದರೆ ಯಾವ ಸರಕಾರಕ್ಕೂ ಭಯ. ಆಗಸ್ಟಿನಲ್ಲಿ ಜಗತ್ತಿನ ಅಕ್ಕಿಯ ಬೆಲೆ ಹದಿನೈದು ವರ್ಷಗಳಲ್ಲೇ ಹೆಚ್ಚಿನ ಮಟ್ಟ ಮುಟ್ಟಿತು. ಅದೇ ಬೇಸಗೆಯಲ್ಲಿ ಆಹಾರ ನಿಗಮದಿಂದ ರಾಜ್ಯಗಳಿಗೆ ಅಕ್ಕಿ ಮಾರುವುದೂ ನಿಂತಿದ್ದರಿಂದ, ಕರ್ನಾಟಕ ಸರಕಾರವು ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಡಬೇಕಾಯಿತು. ಹೊರದೇಶಗಳ ಸರಕಾರಗಳು ಅಕ್ಕಿಗಾಗಿ ದೆಹಲಿಗೆ ಬರೆದುಕೊಂಡವು. ಕೋರಿಕೆಯನ್ನು ನೋಡಿ ಭೂತಾನಕ್ಕೆ 79,000 ಟನ್, ಸಿಂಗಪುರಕ್ಕೆ 50,000 ಟನ್, ಮಾರಿಷಸ್ಸಿಗೆ 14,000 ಟನ್ ಎಂದು ಒಂದೊಂದೇ ಆದೇಶ ಹೊರಟಿತು. ಅಕ್ಕಿಯ ಆ ತಡೆ ತೆರೆದದ್ದು 2024ರ ಸೆಪ್ಟೆಂಬರಿನಲ್ಲಿ, ಚುನಾವಣೆ ಮುಗಿದು, ಮಳೆ ಚೆನ್ನಾಗಿ ಆದ ಮೇಲೆ.